ಆರು ವಿಷಯಗಳ ಹಾಳೆ



ಸಂಘದ ವಾರ್ತಾಪತ್ರಕ್ಕೆ ನಾವು ಇದುವರೆಗೆ ಬರೆದಿರುವುದೆಲ್ಲ ರಕ್ತದೊತ್ತಡ, ಮಧುಮೇಹ, ಬೇಸಿಗೆಯ ನಿರ್ಜಲೀಕರಣ ಇತ್ಯಾದಿಗಳ ಕುರಿತೇ. ಈ ಸಂಚಿಕೆಗೆ ಮಕ್ಕಳ ಪರೀಕ್ಷಾ ಒತ್ತಡವನ್ನು ಕುರಿತು ಬರೆಯಿರೆಂದು ಸಂಪಾದಕ ಮಿತ್ರರು ಕೇಳಿದರು. ಬರೆಯಲು ಕುಳಿತಾಗ ಮನಸ್ಸು ಪರೀಕ್ಷೆಯ ಕಡೆಗೆ ಹೋಗಲಿಲ್ಲ; ನಮ್ಮ ಊಟದ ಮೇಜಿನ ಮೇಲೆ ಮೂರು ವಾರ ಬಿದ್ದಿದ್ದ ಒಂದು ಹಾಳೆಯ ಕಡೆಗೆ ಹೋಯಿತು. ಆದ್ದರಿಂದ ಅದನ್ನೇ ಬರೆಯುತ್ತಿದ್ದೇವೆ.

ನಮ್ಮ ಮಗಳು ದುಬೈನ ಒಂದು ಅಂತರರಾಷ್ಟ್ರೀಯ ಶಾಲೆಯಲ್ಲಿ ಹತ್ತನೆಯ ತರಗತಿಯಲ್ಲಿದ್ದಾಳೆ. ಹನ್ನೊಂದು ಮತ್ತು ಹನ್ನೆರಡನೆಯ ತರಗತಿಗಳಲ್ಲಿ ಓದಲಿರುವ ಆರು ವಿಷಯಗಳನ್ನು ಆರಿಸಿ, ಪೋಷಕರ ಸಹಿಯೊಂದಿಗೆ ಶಾಲೆಗೆ ಒಪ್ಪಿಸಬೇಕಾದ ಹಾಳೆ ಅದು. ನೋಡಲು ಆರೇ ಗೆರೆ. ಆಕೆ ಮುಂದೆ ಯಾವ ದೇಶದಲ್ಲಿ ಏನನ್ನು ಓದಬಲ್ಲಳು, ಯಾವುದನ್ನು ಓದಲಾರಳು ಎಂಬುದು ಬಹುಪಾಲು ಆ ಆರು ಗೆರೆಗಳಲ್ಲೇ ಇತ್ತು. ಇಲ್ಲಿ ಹುಟ್ಟಿದ ಮಾತ್ರಕ್ಕೆ ನಮ್ಮ ಮಕ್ಕಳಿಗೆ ಇಲ್ಲಿನ ಪೌರತ್ವ ದೊರೆಯುವುದಿಲ್ಲ. ನಮ್ಮ ವೀಸಾದ ಆಸರೆಯಲ್ಲಿ ಬೆಳೆದ ಮಗು ಶಾಲೆ ಮುಗಿಸಿ ಎಲ್ಲಿಗೆ ಹೋಗುತ್ತದೆ ಎಂಬುದು ವಿದ್ಯಾಭ್ಯಾಸದ ಪ್ರಶ್ನೆಯಷ್ಟೇ ಅಲ್ಲ, ನೆಲೆಯ ಪ್ರಶ್ನೆಯೂ ಹೌದು.

ನಮ್ಮ ಕಾಲದಲ್ಲಿ ಇಂಥ ಹಾಳೆ ಇರಲಿಲ್ಲ. ತಿಪಟೂರಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಅರ್ಜಿ ಹಾಕಿದಾಗ ಕಾಲೇಜಿನ ಗುಮಾಸ್ತರು ಅಂಕಪಟ್ಟಿಯನ್ನೊಮ್ಮೆ ನೋಡಿ ತಾವೇ ‘ಪಿಸಿಎಂಬಿ’ ಎಂದು ಬರೆದುಕೊಂಡರು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ನಾಲ್ಕೂ ಇದ್ದುದರಿಂದ ವೈದ್ಯಕೀಯವೋ ಇಂಜಿನಿಯರಿಂಗೋ ಎಂಬ ನಿರ್ಧಾರವನ್ನು ಎರಡು ವರ್ಷ ಮುಂದೂಡಬಹುದಾಗಿತ್ತು. 1994ರಲ್ಲಿ ಆರಂಭವಾದ ಸಿಇಟಿ ಆಗ ಇನ್ನೂ ಹೊಸದು. ರ‍್ಯಾಂಕ್ ಬಂದ ಮೇಲೆ ಉಳಿದದ್ದನ್ನು ಆ ಸಂಖ್ಯೆಯೇ ತೀರ್ಮಾನಿಸಿತು. ಈ ಮನೆಯಲ್ಲಿ ಒಬ್ಬರು ಎಂಬಿಬಿಎಸ್‌ಗೂ ಇನ್ನೊಬ್ಬರು ಇಂಜಿನಿಯರಿಂಗ್‌ಗೂ ಸೇರಿದ್ದು ಹೀಗೆಯೇ. ನಿಮಗೇನು ಇಷ್ಟವೆಂದು ಯಾರೂ ಕೇಳಲಿಲ್ಲ. ಕೇಳದಿದ್ದುದು ನಮಗೆ ವಿಚಿತ್ರವೆನಿಸಲೂ ಇಲ್ಲ.

ಮಗಳ ಶಾಲೆಯಲ್ಲಿರುವುದು ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಪದ್ಧತಿ, ರೂಢಿಯಲ್ಲಿ ಐಬಿ. 1968ರಲ್ಲಿ ಜಿನೀವಾದಲ್ಲಿ ಸ್ಥಾಪನೆಯಾದ ಸಂಸ್ಥೆಯಿದು. ಊರಿಂದ ಊರಿಗೆ, ದೇಶದಿಂದ ದೇಶಕ್ಕೆ ವರ್ಗವಾಗುವ ಪೋಷಕರ ಮಕ್ಕಳಿಗೆ ಎಲ್ಲಿಯಾದರೂ ಸಲ್ಲುವ ಒಂದು ಪ್ರಮಾಣಪತ್ರವಿರಲಿ ಎಂಬುದು ಇದರ ಮೂಲ ಆಶಯಗಳಲ್ಲೊಂದು. ಕೊನೆಯ ಎರಡು ವರ್ಷಗಳ ಡಿಪ್ಲೊಮಾದಲ್ಲಿ ಒಂದು ಸಾಹಿತ್ಯಭಾಷೆ, ಇನ್ನೊಂದು ಭಾಷೆ, ಒಂದು ಸಮಾಜವಿಜ್ಞಾನ, ಒಂದು ವಿಜ್ಞಾನ, ಗಣಿತ ಇವಿಷ್ಟೂ ಇರಲೇಬೇಕು. ಆರನೆಯದು ಕಲೆಯಾಗಿರಬಹುದು, ಅಥವಾ ಮೇಲಿನ ಗುಂಪುಗಳಿಂದ ಇನ್ನೊಂದನ್ನು ಆರಿಸಿಕೊಳ್ಳಬಹುದು. ಸಾಮಾನ್ಯವಾಗಿ ಮೂರನ್ನು ಹೈಯರ್ ಲೆವೆಲ್‌ನಲ್ಲಿ, ಮೂರನ್ನು ಸ್ಟ್ಯಾಂಡರ್ಡ್ ಲೆವೆಲ್‌ನಲ್ಲಿ ಓದುತ್ತಾರೆ. ವಿಷಯವೊಂದಕ್ಕೆ ಗರಿಷ್ಠ 7 ಅಂಕದಂತೆ 42, ಜ್ಞಾನಮೀಮಾಂಸೆಯ ಒಂದು ಪಾಠ ಮತ್ತು 4000 ಪದಗಳ ಒಂದು ಸಂಶೋಧನಾ ಪ್ರಬಂಧ ಇವೆರಡಕ್ಕೆ ಸೇರಿ 3, ಒಟ್ಟು 45. ಇದರ ಜೊತೆಗೆ ಸಮಾಜಸೇವೆ, ಆಟೋಟಗಳನ್ನೂ ಮಾಡಿ ದಾಖಲಿಸಬೇಕು. ಶೇಕಡಾವಾರು ಲೆಕ್ಕಕ್ಕೆ ಒಗ್ಗಿದ ನಮ್ಮ ಬಂಧುಗಳಿಗೆ ‘38 ಬಂತು’ ಎಂದು ಹೇಳಿದರೆ ಒಂದು ಕ್ಷಣ ಅನುಕಂಪದ ಮೌನ ಆವರಿಸುತ್ತದೆ. ಅದು ಬಹಳ ಒಳ್ಳೆಯ ಅಂಕವೆಂದು ವಿವರಿಸುವುದೇ ನಮಗೊಂದು ಕೆಲಸ.

ನಮ್ಮ ತಂದೆಯವರು ಕಳೆದ ವರ್ಷ ಇಲ್ಲಿಗೆ ಬಂದಿದ್ದಾಗ ಅವರನ್ನು ಶಾಲೆಯ ಪೋಷಕರ ಸಭೆಗೆ ಕರೆದೊಯ್ದೆವು. ಅವರು ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ, ಗಣಿತ ಕಲಿಸಿ ನಿವೃತ್ತರಾದವರು. ಸಭೆಯಲ್ಲಿ ಮಾತನಾಡಿದ್ದು ಅಧ್ಯಾಪಕರಲ್ಲ, ಮೊಮ್ಮಗಳು. ತಾನು ಮಾಡಿದ ಕೆಲಸಗಳನ್ನು ಒಂದೊಂದಾಗಿ ತೆರೆದು, ಇದು ಚೆನ್ನಾಗಿ ಆಯಿತು, ಇದು ಆಗಲಿಲ್ಲ, ಮುಂದೆ ಹೀಗೆ ಮಾಡುವೆನೆಂದು ಆಕೆ ಹೇಳುತ್ತಿದ್ದರೆ ಅಧ್ಯಾಪಕಿ ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದರು. ಹೊರಗೆ ಬಂದ ಮೇಲೆ ತಂದೆಯವರು ಕೇಳಿದ್ದು ಒಂದೇ ಪ್ರಶ್ನೆ: “ಕ್ಲಾಸಿಗೆ ಎಷ್ಟನೆಯವಳು?” ಹಾಗೆ ಎಣಿಸುವುದಿಲ್ಲವೆಂದಾಗ ಅವರು ಸುದೀರ್ಘವಾಗಿ ಯೋಚಿಸಿದರು. ಮಗು ಹೆದರದೆ ಮಾತಾಡಿತಲ್ಲ ಎಂಬ ಸಂತೋಷ ಒಂದು ಕಡೆ, ಅಳೆಯದೆ ತಿಳಿಯುವುದು ಹೇಗೆ ಎಂಬ ಅನುಮಾನ ಇನ್ನೊಂದು ಕಡೆ. ಎರಡೂ ನ್ಯಾಯವೇ.

ಇನ್ನು ಹಾಳೆಯ ಗಂಟಿಗೆ ಬರೋಣ. ಭಾರತದಲ್ಲಿ ಎಂಬಿಬಿಎಸ್ ಸೇರಲು ನೀಟ್ ಬರೆಯಬೇಕು. ನೀಟ್ ಬರೆಯಲು ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಇರಬೇಕು, ಇಂಗ್ಲಿಷೂ ಇರಬೇಕು. ಐಬಿಯ ಸಾಮಾನ್ಯ ಚೌಕಟ್ಟಿನಲ್ಲಾದರೋ ಎರಡು ವಿಜ್ಞಾನಗಳಿಗಷ್ಟೇ ಸ್ಥಳ. ಮೂರನೆಯದು ಬೇಕೆಂದರೆ, ಇಂಥ ವಿಶ್ವವಿದ್ಯಾಲಯದ ಪ್ರವೇಶಕ್ಕೆ ಇದು ಅನಿವಾರ್ಯವೆಂದು ಶಾಲೆಯು ದಾಖಲೆ ಸಹಿತ ಕೋರಿ ವಿಶೇಷ ಅನುಮತಿ ಪಡೆಯಬೇಕು. ಆಗ ಬೇರೊಂದು ಗುಂಪಿನ ವಿಷಯವನ್ನು ಬಿಟ್ಟುಕೊಡಬೇಕು. ಬ್ರಿಟಿಷ್ ಪಠ್ಯಕ್ರಮದ ಶಾಲೆಗಳಲ್ಲಿ ಬೇರೆ ಬಗೆಯ ತೊಡಕು. ಅಲ್ಲಿ ಎ-ಲೆವೆಲ್‌ಗೆ ಹೆಚ್ಚಿನ ಮಕ್ಕಳು ಓದುವುದು ಮೂರೇ ವಿಷಯ. ಮೂರನ್ನೂ ವಿಜ್ಞಾನಕ್ಕೇ ಕೊಟ್ಟರೆ ಗಣಿತಕ್ಕೂ ಜಾಗವಿಲ್ಲ. ಸಿಬಿಎಸ್‌ಇ ಶಾಲೆಗಳ ಮಕ್ಕಳಿಗೆ ಮಾತ್ರ ನಮ್ಮ ಪಿಯುಸಿಯಂತೆ ದಾರಿ ನೇರ.

ಬ್ರಿಟನ್ನಿನ ಲೆಕ್ಕವೇ ಬೇರೆ. ಅಲ್ಲಿನ ಬಹುತೇಕ ವೈದ್ಯಕೀಯ ಕಾಲೇಜುಗಳು ಕೇಳುವುದು ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರವನ್ನು, ಭೌತಶಾಸ್ತ್ರ ಕಡ್ಡಾಯವಲ್ಲ. ಅಂದರೆ ಒಂದೇ ಹಾಳೆ ಲಂಡನ್ನಿನಲ್ಲಿ ಸಲ್ಲುತ್ತದೆ, ಮೈಸೂರಿನಲ್ಲಿ ಸಲ್ಲುವುದಿಲ್ಲ. ಈ ದೇಶದಲ್ಲೇ ಓದಬಹುದಲ್ಲವೇ ಎಂದು ಕೇಳುವವರಿದ್ದಾರೆ. ಓದಬಹುದು, ಅಜ್ಮಾನಿನಲ್ಲಿ 1998ರಲ್ಲಿ ಆರಂಭವಾಗಿ ಈಗ ಗಲ್ಫ್ ಮೆಡಿಕಲ್ ಯೂನಿವರ್ಸಿಟಿಯಾಗಿರುವ ಕಾಲೇಜನ್ನು ಕಟ್ಟಿದವರು ನಮ್ಮ ಕರಾವಳಿಯ ತುಂಬೆ ಮೊಯ್ದೀನ್ ಅವರೇ. ಆದರೆ ಹೊರದೇಶದಲ್ಲಿ ವೈದ್ಯಕೀಯ ಓದಿದ ಭಾರತೀಯ ಪ್ರಜೆ ಮುಂದೆಂದಾದರೂ ಭಾರತದಲ್ಲಿ ವೃತ್ತಿ ನಡೆಸಬೇಕಾದರೆ, ಓದಲು ಹೋಗುವ ಮೊದಲೇ ನೀಟ್‌ನಲ್ಲಿ ಅರ್ಹತೆ ಪಡೆದಿರಬೇಕು. ಮತ್ತೆ ಅದೇ ಮೂರು ವಿಜ್ಞಾನಗಳು. 2021ರಿಂದ ದುಬೈನಲ್ಲೇ ನೀಟ್ ಕೇಂದ್ರವಿರುವುದರಿಂದ ವಿಮಾನದ ಖರ್ಚು ತಪ್ಪಿದೆ, ಅಷ್ಟೇ.

ಈ ಸಂಗತಿಗಳನ್ನು ಒಂದೇ ಕಡೆ ಕೂಡಿಸಿ ಹೇಳುವವರಿಲ್ಲ ಎಂಬುದು ನಮ್ಮ ದೂರು. ಶಾಲೆಯ ಸಲಹೆಗಾರರಿಗೆ ಬ್ರಿಟನ್, ಕೆನಡಾ, ನೆದರ್‌ಲೆಂಡ್ಸ್ ಅಂಗೈ ಗೆರೆಯಂತೆ ಗೊತ್ತು. ಬ್ರಿಟನ್ನಿನಲ್ಲಿ ವೈದ್ಯಕೀಯಕ್ಕೆ ಅಕ್ಟೋಬರ್ 15ರೊಳಗೆ ಅರ್ಜಿ ಹೋಗಬೇಕು, ನಾಲ್ಕೇ ಕಾಲೇಜುಗಳಿಗೆ ಹಾಕಬಹುದು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಿಯಾರು. ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟದ ಸಮಾನತಾ ಪ್ರಮಾಣಪತ್ರದ ಬಗ್ಗೆ ಕೇಳಿದರೆ ವೆಬ್‌ಸೈಟ್ ನೋಡಿ ಎನ್ನುತ್ತಾರೆ. ಊರಿನ ಹಿರಿಯರಿಗೆ ನೀಟ್ ಹೊರತು ಬೇರೇನೂ ಕಾಣದು. ನಡುವೆ ನಿಂತಿರುವುದು ಹದಿನೈದರ ಮಗು.

ನಮ್ಮ ಪರಿಚಿತ ಕುಟುಂಬವೊಂದರ ಹುಡುಗಿ ಎ-ಲೆವೆಲ್‌ಗೆ ಜೀವಶಾಸ್ತ್ರ, ರಸಾಯನಶಾಸ್ತ್ರ, ಮನಶ್ಶಾಸ್ತ್ರ ತೆಗೆದುಕೊಂಡಿದ್ದಳು. ಬ್ರಿಟನ್ನಿಗೆ ಹೋಗುವ ಯೋಜನೆ. ಕೊನೆಯ ವರ್ಷ ತಂದೆಯ ಉದ್ಯೋಗ ಹೋಯಿತು. ಅಲ್ಲಿನ ಶುಲ್ಕ ಭರಿಸುವ ಮಾತೇ ಇಲ್ಲವಾಯಿತು. ಭಾರತವೆಂದು ತಿರುಗಿ ನೋಡಿದರೆ ಭೌತಶಾಸ್ತ್ರವಿಲ್ಲ. ಹೀಗಾಗುತ್ತದೆಂದು ಶಾಲೆಯಲ್ಲಿ ಯಾರೂ ಎಚ್ಚರಿಸಿರಲಿಲ್ಲ. ಆಕೆಗೆ ಒದಗಿದ್ದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರ ನವೆಂಬರಿನಲ್ಲಿ ಹೊರಡಿಸಿದ ಪ್ರಕಟಣೆ. ಬೇಕಾದ ವಿಷಯವನ್ನು ಹನ್ನೆರಡನೆಯ ತರಗತಿಯ ಅನಂತರ ಮಾನ್ಯ ಮಂಡಳಿಯೊಂದರಿಂದ ಹೆಚ್ಚುವರಿ ವಿಷಯವಾಗಿ ಓದಿ ಉತ್ತೀರ್ಣರಾದರೂ ನೀಟ್‌ಗೆ ಅರ್ಹರು ಎನ್ನುತ್ತದೆ ಅದು. ಒಂದು ವರ್ಷ ಹೋಯಿತು, ಬಾಗಿಲು ಪೂರ್ತಿ ಮುಚ್ಚಲಿಲ್ಲ. ಇದನ್ನು ಎಲ್ಲ ಪೋಷಕರೂ ತಿಳಿದಿರಬೇಕೆಂದೇ ಇಲ್ಲಿ ಬರೆದೆವು.

ಮಕ್ಕಳನ್ನು ಹತ್ತರ ಬಳಿಕ ಊರಿಗೆ ಕಳುಹಿಸುವ ದಾರಿಯೂ ನಮ್ಮವರಲ್ಲಿ ಬಳಕೆಯಲ್ಲಿದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ನಿಯಮಗಳಲ್ಲಿ ಸರ್ಕಾರಿ ಕೋಟಾದ ಸೀಟಿಗೆ ರಾಜ್ಯದಲ್ಲಿ ಏಳು ವರ್ಷ ಓದಿರಬೇಕೆಂಬುದು ಪ್ರಸಿದ್ಧ. ಅಷ್ಟು ಪ್ರಸಿದ್ಧವಲ್ಲದ ಇನ್ನೊಂದು ಕಲಮಿದೆ. ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿದ್ದು, ಮಗು ಪಿಯುಸಿಯ ಎರಡೂ ವರ್ಷಗಳನ್ನು ಅಲ್ಲೇ ಓದಿ ಉತ್ತೀರ್ಣವಾದರೆ ಅರ್ಹತೆಯುಂಟು. ಸಂಘದ ಸದಸ್ಯರೊಬ್ಬರ ಮಗ ಹೀಗೆಯೇ ದಕ್ಷಿಣ ಕನ್ನಡದ ಒಂದು ಹಾಸ್ಟೆಲ್ ಸೇರಿದ. ಮೊದಲ ನಾಲ್ಕು ತಿಂಗಳು ಪ್ರತಿ ಭಾನುವಾರ ಫೋನಿನಲ್ಲಿ ಅತ್ತ. ಅನಂತರ ಭಾನುವಾರ ಫೋನು ಮಾಡುವುದನ್ನೇ ಮರೆತ. ಈಗ ಅವನ ಕನ್ನಡದಲ್ಲಿ ಮಂಗಳೂರಿನ ರಾಗವಿದೆ, ಸ್ನೇಹಿತರ ದಂಡೇ ಇದೆ. ಅವನಿಗೆ ಅದು ಒಗ್ಗಿತು. ಎಲ್ಲ ಮಕ್ಕಳಿಗೂ ಒಗ್ಗುತ್ತದೆಂದು ನಾವು ಹೇಳಲಾರೆವು. ದೊಡ್ಡವರ ಧೈರ್ಯಕ್ಕಾಗಿ ಮಕ್ಕಳನ್ನು ಕಳುಹಿಸುವುದನ್ನು ನಾವು ಒಪ್ಪುವುದೂ ಇಲ್ಲ.

ವೈದ್ಯರಾಗಿ ಒಂದೆರಡು ಮಾತು ಹೇಳದಿದ್ದರೆ ಸಂಪಾದಕರು ಬೇಸರಿಸಿಕೊಂಡಾರು. ಸಂಘದ ಆರೋಗ್ಯ ಶಿಬಿರಗಳಿಗೆ ತಂದೆತಾಯಿಯರು ಒಂಬತ್ತು, ಹತ್ತನೆಯ ತರಗತಿಯ ಮಕ್ಕಳನ್ನು ಕರೆತಂದಾಗ ಅವರು ಹೇಳುವುದು ತಲೆನೋವು, ಸುಸ್ತು, ಹೊಟ್ಟೆನೋವು. ಶಾಲಾ ಬಸ್ಸು ಎಷ್ಟಕ್ಕೆ, ಮಲಗುವುದು ಎಷ್ಟಕ್ಕೆ ಎಂದು ಕೇಳಿದರೆ ಅರ್ಧ ರೋಗನಿರ್ಣಯ ಮುಗಿಯುತ್ತದೆ. ಹದಿಹರೆಯದವರಿಗೆ ಎಂಟರಿಂದ ಹತ್ತು ಗಂಟೆ ನಿದ್ರೆ ಬೇಕು. ಆ ವಯಸ್ಸಿನಲ್ಲಿ ದೇಹದ ಗಡಿಯಾರವೇ ತಡವಾಗಿ ನಿದ್ರೆ ತರುತ್ತದೆ, ಅದು ಸೋಮಾರಿತನವಲ್ಲ. ವರ್ಷವಿಡೀ ಬಿಸಿಲಿರುವ ಈ ನಾಡಿನಲ್ಲಿ ಮನೆ, ಬಸ್ಸು, ತರಗತಿ ಎಲ್ಲವೂ ಹವಾನಿಯಂತ್ರಿತವಾಗಿ ಮಕ್ಕಳಲ್ಲಿ ವಿಟಮಿನ್ ಡಿ ಕೊರತೆ ಕಾಣುವುದು ಇನ್ನೊಂದು ವಿಪರ್ಯಾಸ. ತಂದೆತಾಯಿಯರನ್ನು ಹೊರಗೆ ಕೂರಿಸಿ ಮಾತಾಡಿಸಿದಾಗ ಮಾತ್ರ ಒಬ್ಬಿಬ್ಬರು ಹಾಳೆಯ ಸುದ್ದಿ ಎತ್ತುತ್ತಾರೆ. ತಮಗೆ ಬೇಕಾದ ವಿಷಯ ಒಂದು, ಮನೆಯಲ್ಲಿ ಬರೆಸಿದ್ದು ಇನ್ನೊಂದು. ಅದಕ್ಕೆ ನಮ್ಮಲ್ಲಿ ಮಾತ್ರೆಯಿಲ್ಲ.

ನಮ್ಮ ಮೇಜಿನ ಮೇಲಿದ್ದ ಹಾಳೆಯನ್ನು ಕೊನೆಗೆ ತುಂಬಿದವಳು ಮಗಳೇ. ಮೇಲೆ ಬರೆದ ನಿಯಮಗಳನ್ನೆಲ್ಲ ಆಕೆಯ ಮುಂದಿಟ್ಟೆವು. ಮೂರು ವಿಜ್ಞಾನಗಳ ವಿಶೇಷ ಅನುಮತಿ ಕೋರಬಹುದೆಂದೂ, ಅದೇ ಊರಿನ ಸಿಬಿಎಸ್‌ಇ ಶಾಲೆಗೆ ಸೇರಬಹುದೆಂದೂ ಹೇಳಿದೆವು. ಎರಡು ದಿನ ಯೋಚಿಸಿ ಬರೆದಳು: ಜೀವಶಾಸ್ತ್ರ, ರಸಾಯನಶಾಸ್ತ್ರ, ಮನಶ್ಶಾಸ್ತ್ರ ಹೈಯರ್ ಲೆವೆಲ್, ಇಂಗ್ಲಿಷ್ ಸಾಹಿತ್ಯ ಮತ್ತು ಗಣಿತ ಸ್ಟ್ಯಾಂಡರ್ಡ್ ಲೆವೆಲ್. ಆರನೆಯ ಗೆರೆಯಲ್ಲಿ ಫ್ರೆಂಚ್ ಇರುತ್ತದೆಂದು ನಾವು ಎಣಿಸಿದ್ದೆವು. ಅಲ್ಲಿ ಕನ್ನಡವಿತ್ತು.

ಶಾಲೆಯಲ್ಲಿ ಅಧ್ಯಾಪಕರಿಲ್ಲದ ಮಾತೃಭಾಷೆಯ ಸಾಹಿತ್ಯವನ್ನು, ಶಾಲೆಯ ಮೇಲ್ವಿಚಾರಣೆಯಲ್ಲಿ ತಾನೇ ಓದಿಕೊಂಡು ಸ್ಟ್ಯಾಂಡರ್ಡ್ ಲೆವೆಲ್‌ನಲ್ಲಿ ಪರೀಕ್ಷೆ ಬರೆಯುವ ಅವಕಾಶ ಐಬಿಯಲ್ಲಿದೆ. ಎರಡು ವರ್ಷಗಳಲ್ಲಿ ಒಂಬತ್ತು ಕೃತಿಗಳು. ಅವುಗಳಲ್ಲಿ ಕೆಲವು ಅನುವಾದಗಳು. ಎರಡು ಭಾಷೆಗಳ ಸಾಹಿತ್ಯವನ್ನು ಹೀಗೆ ಓದಿ ತೇರ್ಗಡೆಯಾದವರಿಗೆ ದ್ವಿಭಾಷಾ ಡಿಪ್ಲೊಮಾ ದೊರೆಯುತ್ತದೆ. ಸಂಘದ ವಾರಾಂತ್ಯದ ಕನ್ನಡ ತರಗತಿಗೆ ಆಕೆ ಆರನೆಯ ವಯಸ್ಸಿನಿಂದ ಹೋಗುತ್ತಿದ್ದಾಳೆ. ಆ ತರಗತಿಯಿಂದ ಇಂಥದ್ದೊಂದು ಹೊರಡಬಹುದೆಂದು ಅಲ್ಲಿ ಕಲಿಸುವ ಸ್ವಯಂಸೇವಕರೂ ನಿರೀಕ್ಷಿಸಿರಲಿಲ್ಲ. ವಾರಕ್ಕೊಮ್ಮೆ ಜೊತೆಗೆ ಕೂತು ಓದಿಸಲು ಅವರಲ್ಲೊಬ್ಬರು ಒಪ್ಪಿದ್ದಾರೆ.

ತಾತನಿಗೆ ತಿಳಿಸುವ ಕೆಲಸವನ್ನೂ ಆಕೆಗೇ ಬಿಟ್ಟೆವು.

“ಫಿಸಿಕ್ಸ್ ಬಿಟ್ಟರೆ ಡಾಕ್ಟರಾಗೋದು ಹ್ಯಾಗೆ ಕಂದ?”

“ಡಾಕ್ಟರಾಗ್ತೀನಿ ಅಂತ ನಾನಿನ್ನೂ ಹೇಳೇ ಇಲ್ಲ ತಾತ. ಆಗ್ಬೇಕು ಅನ್ನಿಸಿದ್ರೆ ಒಂದು ವರ್ಷ ಜಾಸ್ತಿ ಓದಿ ಫಿಸಿಕ್ಸ್ ಪಾಸ್ ಮಾಡ್ತೀನಿ. ನೀವೇ ಹೇಳ್ಕೊಡಿ.”

“ಅದರ ಬದಲು ಏನು ತಗೊಂಡಿದ್ದೀಯ?”

“ಕನ್ನಡ.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಐಬಿಯ ಲೆಕ್ಕದಲ್ಲಿ ಕನ್ನಡ ಬಂದದ್ದು ಫ್ರೆಂಚಿನ ಜಾಗಕ್ಕೇ ಹೊರತು ಭೌತಶಾಸ್ತ್ರದ ಜಾಗಕ್ಕಲ್ಲ ಎಂದು ನಾವು ನಡುವೆ ಬಾಯಿ ಹಾಕಲು ಹೊರಟೆವು. ಮಗಳು ಕೈಸನ್ನೆಯಿಂದ ತಡೆದಳು. ಆಮೇಲೆ ತಂದೆಯವರು, “ದುಬೈನಲ್ಲಿ ಕೂತು ಕನ್ನಡ ಓದ್ತೀನಿ ಅಂತೀಯ, ಯಾವ ಪುಸ್ತಕ?” ಎಂದು ಕೇಳಿದರು. ಮೊದಲಿಗೆ ತೇಜಸ್ವಿಯವರ ‘ಕರ್ವಾಲೊ’ ಎಂದಳು. ಕೊಂಚ ತಡೆದು, “ಅದರಲ್ಲಿ ಬಯಾಲಜಿ ಸುಮಾರು ಇದೆ” ಎಂದರು ಅವರು. ಒಪ್ಪಿದರೋ ಇಲ್ಲವೋ ಸ್ಪಷ್ಟವಾಗಲಿಲ್ಲ.

ಶಾಲೆಯು ಕನ್ನಡಕ್ಕಾಗಿ ಐಬಿಗೆ ವಿಶೇಷ ಕೋರಿಕೆ ಕಳುಹಿಸಿದೆ. ಉತ್ತರ ಇನ್ನೂ ಬಂದಿಲ್ಲ. ಒಪ್ಪಿಗೆ ದೊರೆಯದಿದ್ದರೆ ಫ್ರೆಂಚ್ ಓದುವುದೆಂದು ಹಾಳೆಯ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಟ್ಟಿದ್ದೇವೆ. ಒಂಬತ್ತನೆಯ ತರಗತಿಯಲ್ಲಿ ಮಕ್ಕಳಿರುವ ಪೋಷಕರು ತಮ್ಮ ಶಾಲೆಯ ವಿಷಯಪಟ್ಟಿಯನ್ನು ಹಿಡಿದು ಮುಂದಿನ ಆರೋಗ್ಯ ಶಿಬಿರದ ದಿನ ಬಂದರೆ, ರಕ್ತದೊತ್ತಡ ನೋಡಿದ ಮೇಲೆ ಅದನ್ನೂ ಒಟ್ಟಿಗೆ ಕೂತು ನೋಡಬಹುದು. ಮಕ್ಕಳನ್ನೂ ಕರೆತನ್ನಿ.