ಪಡುಗೋಡೆಯ ಯುದ್ಧ

ರೋಬಸ್ಟಾ ಕೊಯ್ಲು ಮುಗಿದು ಹೂಮಳೆಗೆ ಕಾಯುವ ದಿನಗಳಲ್ಲಿ ಮೂಡಿಗೆರೆ ಕಡೆಯ ನಮಗೆ ಊರು ಸುತ್ತುವ ಚಪಲ ಹತ್ತುತ್ತದೆ. ನಮ್ಮ ಗುಡ್ಡ ನೋಡಲು ಬರುವವರ ಕಾರುಗಳಿಗೆ ವರ್ಷವಿಡೀ ದಾರಿ ಬಿಟ್ಟು ಸಾಕಾದವರು ನಾವು. ಸೇಡು ತೀರಿಸಿಕೊಳ್ಳುವವರಂತೆ ಬೇರೆಯವರ ಊರಿಗೆ ನುಗ್ಗುತ್ತೇವೆ. ಶ್ರೀರಂಗಪಟ್ಟಣವೂ ಇದಕ್ಕೆ ಹೊರತಲ್ಲ. ಕಾವೇರಿ ಬಳಸಿ ಹರಿಯುವ ಆ ದ್ವೀಪದಲ್ಲಿ ರಂಗನಾಥ, ನಿಮಿಷಾಂಬ, ಗುಂಬಜ್, ಸಂಗಮ ಎಂದು ಓಡುವವರಿಗೆ ದರಿಯಾ ದೌಲತ್ ಸಿಗುವುದು ಹೊಟ್ಟೆ ಚುರುಗುಟ್ಟುವ ಹೊತ್ತಿಗೆ.

"ಕತ್ತಿ ಎಲ್ಲಿಟ್ಟಿದ್ದಾರೆ ಮಾರಾಯ?" ಎಂದು ನಮ್ಮ ಚಿಕ್ಕಪ್ಪ ಬಾಗಿಲಲ್ಲೇ ಕೇಳಿದರು.

"ಮೊದಲು ಗೋಡೆ ನೋಡಿ ಚಿಕ್ಕಪ್ಪ" ಅಂದೆ.

"ಗೋಡೆ ನೋಡೋಕೆ ಇಷ್ಟು ದೂರ ಬರಬೇಕಿತ್ತಾ?"

1784ರಲ್ಲಿ ಟಿಪ್ಪು ಕಟ್ಟಿಸಿದ ಈ ಬೇಸಿಗೆ ಅರಮನೆಯನ್ನು 1959ರಲ್ಲಿ ಪುರಾತತ್ವ ಇಲಾಖೆಯವರು ವಸ್ತುಸಂಗ್ರಹಾಲಯ ಮಾಡಿದರು. ಒಳಗೆ ನಾಣ್ಯ, ಆಯುಧ, ಹಳೆಯ ಚಿತ್ರಗಳಿವೆ. ಇರಲಿ. ನನ್ನ ತಕರಾರು ಏನೆಂದರೆ, ಇಲ್ಲಿ ನೋಡಬೇಕಾದ್ದು ಗಾಜಿನ ಪೆಟ್ಟಿಗೆಯೊಳಗಿಲ್ಲ. ಮರದ ಕಂಬ, ಕಮಾನು, ಚಾವಣಿ ಯಾವುದನ್ನೂ ಬಿಡದೆ ಹೂಬಳ್ಳಿ ಬರೆದಿದ್ದಾರೆ. ಅದನ್ನೂ ದಾಟಿ ಪಡುವಣ ಗೋಡೆಯ ಮುಂದೆ ನಿಲ್ಲಬೇಕು.

ಅಲ್ಲಿ 1780ರ ಸೆಪ್ಟೆಂಬರ್ 10 ಇನ್ನೂ ಮುಗಿದಿಲ್ಲ. ಕಾಂಚೀಪುರದ ಬಳಿಯ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಪಡೆ ಕಂಪನಿ ಸರ್ಕಾರದ ಸೈನ್ಯವನ್ನು ಸುತ್ತುವರಿದಿದೆ. ಕೆಂಪಂಗಿಯ ಸಿಪಾಯಿಗಳು ಚೌಕ ಕಟ್ಟಿ ನಿಂತಿದ್ದಾರೆ. ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಕರ್ನಲ್ ಬೇಲಿ. ಮದ್ದಿನ ಬಂಡಿ ಸಿಡಿದು ಬೆಂಕಿ ಕಕ್ಕುತ್ತಿದೆ. ಫ್ರೆಂಚ್ ಸೇನಾನಿ ಲಾಲಿ ದುರ್ಬೀನು ಕಣ್ಣಿಗಿಟ್ಟು ನೋಡುತ್ತಿದ್ದಾನೆ. ದೂರದವರು ಚಿಕ್ಕವರು, ಹತ್ತಿರದವರು ದೊಡ್ಡವರು ಎಂಬ ಲೆಕ್ಕ ಚಿತ್ರಕಾರನಿಗಿಲ್ಲ. ಕುದುರೆಯ ಮೇಲೆ ಕುದುರೆ, ತಲೆಯ ಮೇಲೆ ತಲೆ ಪೇರಿಸಿದ್ದಾನೆ. ರುಂಡ ಹಾರುವಾಗಲೂ ಮುಖಗಳಲ್ಲಿ ಗಾಬರಿಯಿಲ್ಲ. ನನಗೆ ಇಷ್ಟವಾಗುವುದು ಆ ನಿರ್ವಿಕಾರವೇ. ಸೆರೆಸಿಕ್ಕ ಬೇಲಿ 1782ರಲ್ಲಿ ಇದೇ ಶ್ರೀರಂಗಪಟ್ಟಣದಲ್ಲಿ ಸತ್ತ. ಅರಮನೆ ಎದ್ದದ್ದು ಆಮೇಲೆ.

ಇಷ್ಟು ಹೊತ್ತಿಗೆ ಚಿಕ್ಕಪ್ಪ ಒಳಗೆ ಹೋಗಿ, ಸುತ್ತಿ, ಹೊರಗೂ ಬಂದಿದ್ದರು.

ಈ ಗೋಡೆಯ ಪಾಡು ಯುದ್ಧಕ್ಕಿಂತ ವಿಚಿತ್ರ. 1799ರ ಮುತ್ತಿಗೆಗೆ ಮೊದಲೇ ಚಿತ್ರಗಳನ್ನು ಕೆಡಿಸಲಾಗಿತ್ತಂತೆ. ಟಿಪ್ಪು ಬಿದ್ದ ಮೇಲೆ ಇಲ್ಲಿ ಬಿಡಾರ ಮಾಡಿದ ಆರ್ಥರ್ ವೆಲ್ಲೆಸ್ಲಿ, ಮುಂದೆ ನೆಪೋಲಿಯನ್ನನನ್ನು ಸೋಲಿಸಿದವನು, ಅವನ್ನು ಸರಿಪಡಿಸಿದ. ತನ್ನ ಕಡೆಯವರ ಸೋಲನ್ನು ತಾನೇ ಕಾಸು ಕೊಟ್ಟು ಬರೆಸುವುದು ಗೆದ್ದವರಿಗೆ ಮಾತ್ರ ಸಾಧ್ಯವಾಗುವ ದೊಡ್ಡಸ್ತಿಕೆ. ಆಮೇಲೆ ಯಾರೋ ಮತ್ತೆ ಸುಣ್ಣ ಬಳಿದರು. ಗವರ್ನರ್ ಜನರಲ್ ಡಾಲ್‌ಹೌಸಿ ಬಂದವನು ಮರಳಿ ಬರೆಯಲು ಹುಕುಂ ಮಾಡಿದ. ಆಗ ಬರೆದವನು ಮೂಲಚಿತ್ರಗಳು ನೆನಪಿದ್ದ ಒಬ್ಬ ಸ್ಥಳೀಯ ಕಲಾವಿದ ಎನ್ನುತ್ತದೆ ಬಿ. ಎಲ್. ರೈಸ್ ಅವರ ಗೆಜೆಟಿಯರ್. ಬರೆಸಿದ ಸಾಹೇಬರಿಗೆ ಹೆಸರುಂಟು, ಬರೆದವನಿಗೆ ನೆನಪು ಮಾತ್ರ. ಹಾಗಾಗಿ ನಾವು ಟಿಪ್ಪುವಿನ ಕಾಲದ್ದೆಂದು ನೋಡುವ ಯುದ್ಧ ಬಹುಪಾಲು ಆ ಅನಾಮಿಕನ ತಲೆಯೊಳಗಿಂದ ಇಳಿದದ್ದು. ಕುದುರೆಗಳ ಕಾಲು ಎಣಿಸಿ ನೆನಪಿಟ್ಟಿದ್ದನೋ, ಮರೆತ ಕಡೆ ತನ್ನದೇ ಕುದುರೆ ಸೇರಿಸಿದನೋ! ಸೇರಿಸಿದ್ದರೂ ನನ್ನ ಆಕ್ಷೇಪವಿಲ್ಲ.

ನಮ್ಮ ಕಡೆಯ ಹಳೆ ಮನೆಗಳಲ್ಲೂ ಹಸೆಗೋಡೆ ಇತ್ತು. ಮದುವೆಗೆ ಕೆಮ್ಮಣ್ಣು ಸಾರಿಸಿ, ಅದರ ಮೇಲೆ ಬಿಳಿ ಜೇಡಿಯಲ್ಲಿ ಹೆಂಗಸರು ಬರೆಯುತ್ತಿದ್ದರು. ಈಗ ಅಂಥ ಮನೆಗಳು ಹೋಂಸ್ಟೇಗಳಾಗುತ್ತಿವೆ. ಅತಿಥಿಗಳ ಕಣ್ಣಿಗೆ ಚೊಕ್ಕಟ ಕಾಣಲೆಂದು ಗೋಡೆಗೆ ಏಷ್ಯನ್ ಪೇಂಟ್ ಹೊಡೆಸಿ, ಅದೇ ಗೋಡೆಗೆ ಪೇಟೆಯಿಂದ ತಂದ ವಾರ್ಲಿ ಚಿತ್ರದ ಚೌಕಟ್ಟು ತೂಗುಹಾಕುತ್ತಾರೆ. ಇದಕ್ಕೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಕಳಸದ ಕಡೆಯಾಗಲಿ, ಮೂಡಿಗೆರೆ ಕಡೆಯಾಗಲಿ, ಮನೆಗೆ ಬಣ್ಣ ಹೊಡೆಸುವ ಮುನ್ನ ಹಸೆ ಬರೆಯಬಲ್ಲ ಅಜ್ಜಿ, ಅತ್ತೆ ಯಾರಾದರೂ ಉಳಿದಿದ್ದರೆ ಒಂದು ಗೋಡೆಯನ್ನು ಅವರಿಗೆ ಬಿಟ್ಟುಕೊಡಿ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿ.