ಮರಿ ಬಿಡಲು ಹೋಗಿ ಮಣ್ಣು ತಂದೆವು

ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿ.ಮೀ. ಮಳೆ ಇಲ್ಲದಿದ್ದರೆ ಮುಕ್ಕಾಲು ತಾಸಿನ ಹಾದಿ. ಮದುವೆಯಾಗಿ ಬಂದಾಗಿನಿಂದ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ. ಆದರೆ ಕಳೆದ ಜುಲೈನ ಆ ರವಿವಾರದಷ್ಟು ಭಾರವಾದ ಮನಸ್ಸಿನಿಂದ ಎಂದೂ ಹೋಗಿರಲಿಲ್ಲ. ಹಿಂದಿನ ಸೀಟಿನಲ್ಲಿ ಮಣಿಕಟ್ಟಿಗೆ ಬ್ಯಾಂಡೇಜು ಸುತ್ತಿಕೊಂಡ ಅತ್ತೆಯವರು, ಪಕ್ಕದಲ್ಲಿ ಹತ್ತು ವರ್ಷದ ಮಗಳು, ಅವಳ ತೊಡೆಯ ಮೇಲೆ ಹಳೇ ಟವೆಲ್ಲಿನಲ್ಲಿ ಮುದುಡಿಕೊಂಡ ಕುಂದಾ.

ಕುಂದಾ ಅಂದರೆ ನಮ್ಮೂರಿನ ಸಿಹಿ ಅಂತ ನಿಮಗೆಲ್ಲ ಗೊತ್ತೇ ಇದೆ. ಹಾಲು, ಸಕ್ಕರೆ ಕುದ್ದು ಕುದ್ದು ಕಂದು ಬಣ್ಣಕ್ಕೆ ಬರುವ ತಿನಿಸು. ಮೇ ತಿಂಗಳ ಕೊನೆಗೆ ಖಾನಾಪುರದ ಚಿಗವ್ವನ ಮನೆಯಿಂದ ತಂದ ನಾಯಿಮರಿಯದೂ ಅದೇ ಬಣ್ಣ. ಆಗ ಅದಕ್ಕೆ ಎರಡು ತಿಂಗಳು. ಹೆಸರು ಇಟ್ಟವಳು ಮಗಳು. ಎರಡನೆಯ ದಿನದಿಂದಲೇ ಹೆಸರಿನ ಸಿಹಿಯೆಲ್ಲ ಇಳಿಯಿತು.

ನಮ್ಮದು ಟಿಳಕವಾಡಿಯಲ್ಲಿ ಎರಡನೇ ಮಾಳಿಗೆಯ ಬಾಡಿಗೆ ಮನೆ. ಬೆಳಗಾವಿಯ ಮಳೆ ನೋಡಿದವರಿಗೆ ನಮ್ಮ ಫಜೀತಿ ಅರ್ಥವಾದೀತು. ಜೂನಿನಲ್ಲಿ ಹಿಡಿದ ಜಿಟಿಜಿಟಿ ಗಣಪತಿ ಹಬ್ಬದವರೆಗೂ ಬಿಡುವುದಿಲ್ಲ. ಬೆಳಿಗ್ಗೆ ಆರಕ್ಕೆ ಛತ್ರಿ ಹಿಡಿದು ಕುಂದಾನನ್ನು ಕೆಳಗಿಳಿಸುತ್ತಿದ್ದೆ. ಅಪಾರ್ಟ್‌ಮೆಂಟಿನ ಸುತ್ತ ಸಿಮೆಂಟು, ಗೇಟಿನಾಚೆ ಡಾಂಬರು. ಅದು ಇಪ್ಪತ್ತು ನಿಮಿಷ ಅಲ್ಲಿ ಇಲ್ಲಿ ಮೂಸಿ, ನನ್ನ ಮುಖ ನೋಡಿ, ಏನೂ ಮಾಡದೆ ವಾಪಸು ಬರುತ್ತಿತ್ತು. ಬಾಗಿಲು ತೆರೆದದ್ದೇ ತಡ, ಕಾಲೊರೆಸುವ ಚಾಪೆಯ ಮೇಲೆ ಕೆರೆ! ಚಾಪೆ ತೆಗೆದರೆ ಹಾಲಿನ ಜಮಖಾನೆ, ಅದನ್ನು ಸುತ್ತಿಟ್ಟರೆ ಅತ್ತೆಯವರು ಪೂಜೆಗೆ ಕೂಡುವ ಚಾಪೆ.

ಮೊದಮೊದಲು ಎಲ್ಲರೂ ಮಾಡುವ ತಪ್ಪನ್ನೇ ನಾವೂ ಮಾಡಿದೆವು. ನಮ್ಮವರು ಗದರಿದರು, ಒಂದು ಸಲ ಅದರ ಮೂತಿಯನ್ನು ಆ ಹಸಿ ಜಾಗಕ್ಕೆ ಒತ್ತಿದರು. ನಾನು ಬಕೆಟ್ಟುಗಟ್ಟಲೆ ಫಿನೈಲ್ ಸುರಿದೆ. ಆಮೇಲೆ ಅದು ನಮ್ಮವರ ಚಪ್ಪಲಿ ಸಪ್ಪಳ ಕೇಳಿದರೂ ಸಾಕು, ಕೂತಲ್ಲೇ ಹೆದರಿ ಉಚ್ಚೆ ಹೊಯ್ಯತೊಡಗಿತು.

ಕಡೆಗೆ ಲಸಿಕೆಗೆ ಹೋದಾಗ ಪಶುವೈದ್ಯರು ಕೂಡ್ರಿಸಿ ತಿಳಿಸಿ ಹೇಳಿದರು. ಮರಿಗೆ ಎಷ್ಟು ತಿಂಗಳೋ ಹೆಚ್ಚುಕಡಿಮೆ ಅಷ್ಟೇ ತಾಸು ತಡೆದುಕೊಳ್ಳುವ ಶಕ್ತಿ. ಎದ್ದ ಕೂಡಲೇ, ಉಂಡ ಮೇಲೆ, ಆಡಿದ ಮೇಲೆ ಹೊರಗೆ ಒಯ್ಯಬೇಕು. ಫಿನೈಲು ಮರಿಗೆ ವಿಷ. ವಾಸನೆ ಉಳಿದ ಜಾಗಕ್ಕೇ ಅದು ಮತ್ತೆ ಬರುತ್ತದೆ, ಆದ್ದರಿಂದ ಮೊದಲು ಬಟ್ಟೆಯಿಂದ ಒತ್ತಿ ತೆಗೆದು, ವಿನೆಗರ್ ಬೆರೆಸಿದ ನೀರಿನಿಂದ ಒರೆಸಬೇಕು. ಬೈದರೆ ಅದು ಕಲಿಯುವುದು ಒಂದೇ, ಇವರ ಕಣ್ಣಿಗೆ ಬೀಳದಂತೆ ಸೋಫಾದ ಹಿಂದೆ ಮಾಡಬೇಕು ಅಂತ. ಮೂತ್ರದ ಸೋಂಕು ಇದ್ದರೂ ಹೀಗಾಗಬಹುದೆಂದು ಪರೀಕ್ಷೆಯನ್ನೂ ಮಾಡಿಸಿದರು. ಏನೂ ಇರಲಿಲ್ಲ.

ಹೇಳಿದ್ದನ್ನೆಲ್ಲ ಪಾಲಿಸಿದೆವು. ಹೆದರುವುದು ನಿಂತಿತು, ಚಾಪೆ ಮಾತ್ರ ಒಣಗಲಿಲ್ಲ.

ಜುಲೈ ಮೊದಲ ವಾರ ಅತ್ತೆಯವರು ಬೆಳಗಿನ ಜಾವ ದೇವರ ಕೋಣೆಗೆ ಹೊರಟವರು ಆ ಹಸಿಯ ಮೇಲೆ ಕಾಲಿಟ್ಟು ಜಾರಿ ಬಿದ್ದರು. ಅವರಿಗೆ 72. ಹಿಂದಿನ ವರ್ಷವಷ್ಟೇ ಮೊಣಕಾಲಿನ ಆಪರೇಷನ್ ಆಗಿತ್ತು. ಪುಣ್ಯಕ್ಕೆ ಮಣಿಕಟ್ಟು ಉಳುಕಿ ಹೋಯಿತೇ ಹೊರತು ಮೊಣಕಾಲಿಗೆ ಏನೂ ಆಗಲಿಲ್ಲ. ಆ ರಾತ್ರಿ ನಮ್ಮವರು, "ಸಾಕಿನ್ನ. ಎಲ್ಲಿಂದ ತಂದೀವೋ ಅಲ್ಲೇ ಬಿಟ್ಟ ಬರೂಣು" ಅಂದರು. ನನ್ನಲ್ಲಿ ಎದುರು ಮಾತಿರಲಿಲ್ಲ. ಮಗಳು ಊಟ ಬಿಟ್ಟು ಮಲಗಿದಳು.

ಹೀಗೆ ಹೊರಟ ರವಿವಾರ ಅದು. ಮೂರನೇ ರೈಲ್ವೆ ಗೇಟ್ ದಾಟಿ ಉದ್ಯಮಬಾಗದ ಕಾರ್ಖಾನೆಗಳನ್ನು ಹಿಂದೆ ಹಾಕಿದೆವು. ಪೀರನವಾಡಿಯಲ್ಲಿ ಜಾಂಬೋಟಿಯ ದಾರಿ ಕವಲೊಡೆಯಿತು. ಮಚ್ಛೆ ದಾಟಿದ ಮೇಲೆ ಊರು ಸರಿದು ಹಸಿರು ಬಂತು. ಭತ್ತದ ಗದ್ದೆಗಳಲ್ಲಿ ನಾಟಿ ನಡೆದಿತ್ತು. ತಲೆಯ ಮೇಲೆ ಪ್ಲಾಸ್ಟಿಕ್ಕಿನ ಕೊಪ್ಪೆ ಹಾಕಿಕೊಂಡ ಹೆಂಗಸರು ಸಾಲಾಗಿ ಬಗ್ಗಿದ್ದರು. ಹೊಲದ ಬದುವಿನಿಂದ ಕೆಂಪು ನೀರು ರಸ್ತೆಗೆ ಹರಿಯುತ್ತಿತ್ತು. ಬೆಳಗಾವಿಯಿಂದ ಪೂರ್ವಕ್ಕೆ ಸವದತ್ತಿ ಕಡೆ ಹೋದರೆ ಕರಿ ಎರೆ ಮಣ್ಣು. ಪಶ್ಚಿಮಕ್ಕೆ ಹೊರಳಿದರೆ ಮಲೆನಾಡಿನ ಈ ಕೆಂಪು.

ಗಣೇಬೈಲಿನ ಹತ್ತಿರ ಕುಂದಾ ಕುಂಯ್‌ಗುಟ್ಟತೊಡಗಿತು. ನಮ್ಮವರು ಗಾಡಿ ಬದಿಗೆ ಹಾಕಿದರು. ಮಗಳು ಕೆಳಗಿಳಿಸಿದ್ದೇ ತಡ, ರಸ್ತೆಯಂಚಿನ ಹಸಿ ಮಣ್ಣಿನಲ್ಲಿ ಎರಡು ಸುತ್ತು ತಿರುಗಿ, ಅರ್ಧ ನಿಮಿಷದೊಳಗೆ ಎಲ್ಲ ಮುಗಿಸಿ, ಬಾಲ ಅಲ್ಲಾಡಿಸಿತು. ಮಳೆ ಬರುತ್ತಲೇ ಇತ್ತು. ನಾನು ಮತ್ತು ನಮ್ಮವರು ಮುಖ ಮುಖ ನೋಡಿಕೊಂಡೆವು. ಅವಸರವಾಗಿತ್ತೇನೋ ಎಂದುಕೊಂಡು ಮುಂದೆ ಹೋದೆವು.

ಖಾನಾಪುರದ ಸೇತುವೆಯ ಕೆಳಗೆ ಮಲಪ್ರಭೆ ಕೆಂಪಾಗಿ, ತುಂಬಿ ಹರಿಯುತ್ತಿದ್ದಳು. ಇದೇ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಮುಂದೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಹೊಳೆ. ಖಾನಾಪುರವೆಂದರೆ ಕಾಡು, ಹೊಳೆ ಅನ್ನುವವರೇ ಹೆಚ್ಚು. ನನಗೆ ಮಾತ್ರ ಇದು ಮಣ್ಣಿನ ಊರು. ಹಂಚು, ಇಟ್ಟಂಗಿ, ಗಡಿಗೆ, ಕುಂಡಲಿಗಳಿಗೆ ಇಲ್ಲಿಯ ಮಣ್ಣು ಹೆಸರುವಾಸಿ. ಕುಂಬಾರಿಕೆ ಕಲಿಸುವುದಕ್ಕೆಂದೇ ಖಾದಿ ಗ್ರಾಮೋದ್ಯೋಗದವರ ಸಂಸ್ಥೆಯೊಂದು ಈ ಊರಿನಲ್ಲಿದೆ. ಬೇಸಿಗೆಯಲ್ಲಿ ಬಂದರೆ ಇಟ್ಟಂಗಿ ಭಟ್ಟಿಗಳ ಹೊಗೆ ಕಾಣುತ್ತದೆ. ಮಳೆಗಾಲದಲ್ಲಿ ಭಟ್ಟಿ ಬಂದ್. ಉಳಿದ ಇಟ್ಟಂಗಿ ರಾಶಿಗಳು ತಾಡಪತ್ರಿ ಹೊದ್ದು ಮಲಗಿರುತ್ತವೆ.

ಚಿಗವ್ವ, ಅಂದರೆ ಅತ್ತೆಯವರ ತಂಗಿ, ಇರುವುದು ಊರ ಹೊರಗೆ, ಅಂಥದ್ದೇ ಒಂದು ಭಟ್ಟಿಯ ಪಕ್ಕದಲ್ಲಿ. ಹೆಂಚಿನ ಮನೆ, ಮುಂದೆ ಕೆಂಪು ಮಣ್ಣಿನ ಅಂಗಳ, ಹಗಲೆಲ್ಲ ತೆರೆದ ಬಾಗಿಲು. ಕುಂದಾ ಒಳಗೆ ಹೋಗಿ ಎಲ್ಲರನ್ನೂ ಮೂಸಿ, ಹೊರಗೆ ಅಂಗಳದ ಮೂಲೆಗೆ ಓಡಿ ಉಚ್ಚೆ ಹೊಯ್ದು, ಮತ್ತೆ ಒಳಗೆ ಬಂದು ಒಲೆಯ ಹತ್ತಿರ ಮಲಗಿತು. ಮಧ್ಯಾಹ್ನದ ತನಕ ನಾಲ್ಕು ಸಲ ಹೀಗೇ. ಒಳಗೆ ಒಂದು ಹನಿಯಿಲ್ಲ.

"ಇದನ್ನೇನ ನೀವು ದಡ್ಡ ಅನ್ನೂದು?" ಅಂತ ಚಿಗವ್ವ ನಕ್ಕಳು. "ಇದು ಹುಟ್ಟಿದ್ದ ಇಟ್ಟಂಗಿ ರಾಶಿ ಹಿಂದ. ಕಣ್ಣ ಬಿಟ್ಟಾಗಿಂದ ಕಾಲಾಗ ಮಣ್ಣ. ನಿಮ್ಮಲ್ಲೆ ಎಲ್ಲಾ ಫರಸಿ, ಸಿಮೆಂಟ. ಮೆತ್ತಗ ಹತ್ತೂದು ಅಂದ್ರ ಚಾಪಿ ಒಂದ. ಅದನ್ನ ಮಣ್ಣ ಅಂತ ತಿಳಕೊಂಡೇತಿ ಪಾಪ."

ಒಂದೂವರೆ ತಿಂಗಳು ನಾನು ನಾಯಿಯನ್ನು ನೋಡಿದ್ದೆ, ಗಡಿಯಾರ ನೋಡಿದ್ದೆ, ಆಕಾಶ ನೋಡಿದ್ದೆ. ಅದರ ಕಾಲಡಿ ಏನಿದೆ ಎಂದು ನೋಡಿರಲಿಲ್ಲ. ಮರಿಗಳು ಎಳೆಯ ವಯಸ್ಸಿನಲ್ಲಿ ಯಾವ ನೆಲದ ಮೇಲೆ ಮಾಡಲು ಕಲಿಯುತ್ತವೋ ಮುಂದೆಯೂ ಅದನ್ನೇ ಹುಡುಕುತ್ತವೆ, ಚಿಗವ್ವ ಹೇಳಿದ್ದು ಸರಿ ಎಂದು ಆಮೇಲೆ ಡಾಕ್ಟರೂ ಒಪ್ಪಿದರು.

ಅಷ್ಟಾದರೂ ನಮ್ಮವರು, "ಹಂಗಾದ್ರ ಇಲ್ಲೇ ಇರಲಿ. ಅದಕ್ಕೂ ಆರಾಮ, ನಮಗೂ ಆರಾಮ" ಅಂದರು. ತಪ್ಪಲ್ಲ ಅವರು ಅಂದದ್ದು. ನನಗೂ ಒಂದು ಕ್ಷಣ ಹಾಗೇ ಅನ್ನಿಸಿತು. ಮಗಳು ಹೊರಗೆ ಅಂಗಳದಲ್ಲಿ ಅದರ ಜೊತೆ ಕೊನೆಯ ಸಲ ಎಂಬಂತೆ ಆಡುತ್ತಿದ್ದಳು.

ಚಿಗವ್ವ ದನಿ ಇಳಿಸಿದಳು. "ಇಟ್ಟಕೋತೇನಿ, ಇಲ್ಲ ಅನ್ನಂಗಿಲ್ಲ. ಆದ್ರ ಇದರ ತಾಯಿ ಹೋಗಿ ಹದಿನೈದು ದಿನ ಆತು. ರಾತ್ರಿ ಚಿರತಿ ಬಂದಿತ್ತು." ಖಾನಾಪುರ ತಾಲ್ಲೂಕೆಂದರೆ ಅರ್ಧಕ್ಕರ್ಧ ಕಾಡಿನ ಮಡಿಲು. 2011ರಲ್ಲಿ ವನ್ಯಧಾಮವಾದ ಭೀಮಗಡ ಇರುವುದೂ ಈ ತಾಲ್ಲೂಕಿನಲ್ಲೇ. ಕಾಡಂಚಿನ ಮನೆಗಳಲ್ಲಿ ನಾಯಿ ಸಾಕುವವರಿಗೆ ಈ ಭಯ ಹೊಸತಲ್ಲ.

ಯಾರೂ ಮಾತಾಡಲಿಲ್ಲ. ಆಗ ಅತ್ತೆಯವರು ಬ್ಯಾಂಡೇಜು ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, "ಬಿದ್ದಾಕಿ ನಾನು. ಬಿಡೂದೋ ಬ್ಯಾಡೋ ನಾನ ಹೇಳತೇನಿ. ಒಂದ ಚೀಲ ಮಣ್ಣ ತುಂಬರಿ" ಅಂದರು.

ಅಷ್ಟೇ. ಮರಿ ಬಿಟ್ಟು ಬರಲು ಹೋದವರು ಸಿಮೆಂಟಿನ ಖಾಲಿ ಚೀಲದಲ್ಲಿ ಖಾನಾಪುರದ ಕೆಂಪು ಮಣ್ಣು ತುಂಬಿಕೊಂಡು ವಾಪಸಾದೆವು. ಬೇರೆ ನಾಯಿಗಳ ರೋಗ, ಜಂತು ಬರಬಾರದೆಂದು ನಾಯಿ ಓಡಾಡದ ಕಡೆ, ಮೇಲಿನ ಪದರು ಸರಿಸಿ ಅಗೆದ ಮಣ್ಣು. ದಾರಿಯುದ್ದಕ್ಕೂ ಮಗಳ ಬಾಯಿ ನಿಲ್ಲಲಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಮರಿ ಇದ್ದರೆ ಉಪಯೋಗವಾದೀತೆಂದು ಆಮೇಲೆ ಮಾಡಿದ್ದನ್ನು ಬರೆಯುತ್ತೇನೆ. ಕೆಟ್ಟುಹೋದ ಏರ್‌ಕೂಲರಿನ ತಳದ ತೊಟ್ಟಿಯನ್ನು ಗ್ಯಾಲರಿಯಲ್ಲಿ ಮಳೆ ಬೀಳದ ಮೂಲೆಗಿಟ್ಟು ಮಣ್ಣು ತುಂಬಿದೆವು. ಚಾಪೆ, ಜಮಖಾನೆಗಳೆಲ್ಲ ಅಟ್ಟಕ್ಕೆ. ಎದ್ದಾಗ, ಉಂಡಾಗ, ಆಡಿದಾಗ ತೊಟ್ಟಿಗೆ ಒಯ್ಯುವುದು. ಮಾಡಿದ ಕೂಡಲೇ, ಅಲ್ಲೇ, ಒಂದು ಚೂರು ರೊಟ್ಟಿ ಮತ್ತು "ಶಾಣ್ಯಾ!" ಎಂಬ ಹೊಗಳಿಕೆ. ಒಳಗೆ ಬಂದ ಮೇಲೆ ಕೊಟ್ಟರೆ ಯಾತಕ್ಕೆ ಕೊಟ್ಟರೆಂದು ಅದಕ್ಕೆ ತಿಳಿಯುವುದಿಲ್ಲ. ನಾವು ನೋಡಲಾಗದ ಹೊತ್ತಿನಲ್ಲಿ ಅಡುಗೆಮನೆಯ ಬಾಗಿಲಿಗೆ ಅಡ್ಡ ಹಲಗೆ ಕಟ್ಟಿ ಒಂದೇ ಕೋಣೆಯಲ್ಲಿ ಬಿಡುವುದು. ಹೊಲಸಾದ ಮಣ್ಣನ್ನು ದಿನಾ ತೆಗೆಯುವುದು. ಮೂರನೇ ವಾರದಿಂದ ಆ ಮಣ್ಣನ್ನೇ ಒಂದು ಬೊಗಸೆ ಒಯ್ದು ಕೆಳಗೆ ಕಾಂಪೌಂಡಿನ ಬೇವಿನ ಗಿಡದ ಬುಡಕ್ಕೆ ಹಾಕಿದೆವು. ಮೂಸಿ ನೋಡಿ ಅದಕ್ಕೆ ಗುರುತು ಹತ್ತಿತು.

ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ಒಳಗೆ ಮಾಡಿದಾಗಲೆಲ್ಲ ಕೆಂಪು ಚುಕ್ಕೆ ಇಡುತ್ತಿದ್ದಳು. ಮೊದಲ ವಾರ ಹನ್ನೊಂದು ಚುಕ್ಕೆ, ಎರಡನೇ ವಾರ ಐದು, ಆಗಸ್ಟ್ ಮುಗಿಯುವ ಹೊತ್ತಿಗೆ ವಾರಕ್ಕೊಂದು. ಪೂರ್ತಿ ನಿಂತಿದೆಯೇ ಎಂದರೆ ಇಲ್ಲ. ಗಣಪತಿ ಕಳಿಸುವ ರಾತ್ರಿ ಪಟಾಕಿ, ಡೋಲಿನ ಸಪ್ಪಳಕ್ಕೆ ಬೆದರಿ ಕುಂದಾ ಹಾಲಿನ ನಡುವೆಯೇ ಹೊಯ್ದುಕೊಂಡಿತು. ನಮ್ಮವರು ಒಂದು ಮಾತೂ ಆಡದೆ ಎದ್ದು ಬಟ್ಟೆ ತಂದು ಒತ್ತಿ, ವಿನೆಗರ್ ನೀರಿನಿಂದ ಒರೆಸಿದರು. ಅವರ ಚಪ್ಪಲಿ ಸಪ್ಪಳಕ್ಕೆ ಈಗ ಅದು ಬಾಲ ಅಲ್ಲಾಡಿಸಿಕೊಂಡು ಬಾಗಿಲಿಗೆ ಓಡುತ್ತದೆ.

ಅತ್ತೆಯವರ ಮಣಿಕಟ್ಟು ವಾಸಿಯಾಗಿದೆ. ಬೆಳಗಿನ ಜಾವ ದೇವರ ಕೋಣೆಗೆ ಹೋಗುವ ಮುಂಚೆ ಲೈಟು ಹಾಕಿ ನೆಲ ನೋಡುವ ರೂಢಿ ಮಾಡಿಕೊಂಡಿದ್ದಾರೆ. ಮೊನ್ನೆ ಗ್ಯಾಲರಿಯ ತೊಟ್ಟಿಯಲ್ಲಿ ಕೈಯಾಡಿಸಿ ನನ್ನನ್ನು ಕರೆದರು.

"ಮಣ್ಣ ತಳಾ ಕಂಡೇತಿ ನೋಡವ್ವ. ಖಾನಾಪುರಕ್ಕ ಯಾವಾಗ ಹೋಗೂದು?"