ಮ್ಯಾಡ್ರಿಡ್‌ನಲ್ಲಿ 'ಇವತ್ತು' ಎಷ್ಟು ಗಂಟೆಗೆ ಮುಗಿಯುತ್ತೆ?

ಮ್ಯಾಡ್ರಿಡ್‌ಗೆ ಕೆಲಸದ ಮೇಲೆ ಬಂದವರು ಮೊದಲು ಕಲಿಯೋದು 'ಓಲಾ', 'ಗ್ರಾಸಿಯಾಸ್'. ಆದರೆ ಇಲ್ಲಿನ ಮೆಟ್ರೋದಲ್ಲಿ ಒಂದು ವಾರ ಓಡಾಡಿ ನೋಡಿ, ಕಿವಿಗೆ ಬೀಳುತ್ತಲೇ ಇರುವುದು ಇನ್ನೂ ಪುಟ್ಟ ಸದ್ದುಗಳು. ಎ, ಆಸ್, ಆ. ಎ ಕೊಮೀದೊ, ಊಟ ಮಾಡಿದ್ದೀನಿ. ಆಸ್ ಬಿಸ್ತೊ?, ನೋಡಿದ್ದೀಯಾ? ಆ ಯೆಗಾದೊ, ಬಂದಿದ್ದಾನೆ. ಫೋನಿನಲ್ಲಿ ಮಾತಾಡುವವರು, ಸ್ಕೂಲಿಂದ ಮಗುವನ್ನ ಕರೆದುಕೊಂಡು ಹೋಗುವ ಅಜ್ಜಂದಿರು, ಎಲ್ಲರ ಬಾಯಲ್ಲೂ ಇದೇ. ಬರೆಯುವಾಗ ಇವಕ್ಕೆಲ್ಲ ಹಿಂದೆ ಒಂದು 'ಎಚ್' ಅಕ್ಷರ ಇರುತ್ತೆ, ಹೇಳುವಾಗ ಅದು ಮಾಯ.

ನಾನಿರುವುದು ಲಾವಾಪಿಯೆಸ್‌ನಲ್ಲಿ. ಇಳಿಜಾರಿನ ಇಕ್ಕಟ್ಟು ಬೀದಿಗಳು, ಬಾಂಗ್ಲಾದೇಶದವರ ದಿನಸಿ ಅಂಗಡಿಗಳು, ಸಾಲುಸಾಲು ಇಂಡಿಯನ್ ಹೋಟೆಲ್‌ಗಳು. ಕೊತ್ತಂಬರಿ, ಹಸಿಮೆಣಸಿನಕಾಯಿ, ತೊಗರಿಬೇಳೆ ಎಲ್ಲ ಸಿಗುತ್ತೆ. ಅಲ್ಲಿಂದ ಹತ್ತು ನಿಮಿಷ ಏರು ಹತ್ತಿದರೆ ತಿರ್ಸೊ ದೆ ಮೊಲೀನಾ ಚೌಕ. ಅದರ ಪಕ್ಕದ ಗಲ್ಲಿಯ ಒಂದು ಭಾಷಾ ಶಾಲೆಯಲ್ಲಿ ವಾರಕ್ಕೆರಡು ಸಂಜೆ ಕ್ಲಾಸು. ಟೀಚರ್ ವಯ್ಯಾದೊಲಿದ್ ಊರಿನವರು. ಸ್ಪೇನಿನಲ್ಲೇ ಶುದ್ಧವಾದ ಸ್ಪ್ಯಾನಿಷ್ ತಮ್ಮೂರಿನದು ಅನ್ನೋ ಹೆಮ್ಮೆ ಆ ಊರಿನವರಿಗೆಲ್ಲ ಇದೆಯಂತೆ. ಧಾರವಾಡ, ಮೈಸೂರುಗಳ ನಡುವಿನ ಜಗಳ ಕೇಳಿ ಬೆಳೆದ ನಮಗೆ ಇದೇನು ಹೊಸದಲ್ಲ ಬಿಡಿ.

ಈ ಕಾಲರೂಪ ಕಟ್ಟುವುದು ಸುಲಭ. ಎ, ಆಸ್, ಆ, ಎಮೊಸ್, ಅಬೇಯ್ಸ್, ಆನ್, ಇವು ಆರು. ಮುಂದೆ ಕ್ರಿಯಾಪದದ ಬಾಲಕ್ಕೆ 'ಆದೊ' ಅಥವಾ 'ಈದೊ'. ಎಚೊ, ದಿಚೊ, ಬಿಸ್ತೊ, ಎಸ್ಕ್ರೀತೊ, ರೋತೊ ಥರದ ಹತ್ತು ಹದಿನೈದು ತುಂಟ ಪದಗಳನ್ನ ಬಾಯಿಪಾಠ ಮಾಡಿಕೊಂಡರೆ ಆಯ್ತು. ಬೀದಿಯ ಮಾತಿನಲ್ಲಿ 'ಆದೊ' ಕರಗಿ 'ಆಓ' ಆಗಿರುತ್ತೆ, ಅದಕ್ಕೆ ಕಿವಿ ಹೊಂದಿಕೊಳ್ಳಬೇಕು ಅಷ್ಟೆ. ಒಂದು ವಾರಾಂತ್ಯದ ಕೆಲಸ.

ಕಷ್ಟ ಇರುವುದು ಇದನ್ನ ಯಾವಾಗ ಬಳಸಬೇಕು ಅನ್ನೋದರಲ್ಲಿ. ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು ಹೇಳಿಕೊಟ್ಟಿದ್ದು ನೆನಪಿದೆಯಲ್ಲ? 'ಹ್ಯಾವ್' ಇರುವ ವಾಕ್ಯದಲ್ಲಿ ಗಂಟೆ ಗಳಿಗೆ ಹೇಳಬಾರದು ಅಂತ. ಮ್ಯಾಡ್ರಿಡ್‌ನಲ್ಲಿ ಆ ನಿಯಮವನ್ನ ಗಂಟುಕಟ್ಟಿ ಅಟ್ಟದ ಮೇಲಿಡಿ. "ಇವತ್ತು ಬೆಳಿಗ್ಗೆ ಏಳು ಗಂಟೆಗೆ ಎದ್ದೆ" ಅನ್ನೋಕೆ ಇವರು "ಎಸ್ತಾ ಮನ್ಯಾನಾ ಮೆ ಎ ಲೆಬಂತಾದೊ ಆ ಲಾಸ್ ಸಿಯೆತೆ" ಅಂತಾರೆ. ಗಂಟೆಯೂ ಇದೆ, 'ಎ'ಯೂ ಇದೆ. ಇವರ ಲೆಕ್ಕವೇ ಬೇರೆ. ಆ ಕೆಲಸ ನಡೆದ ಕಾಲದ ಡಬ್ಬಿ ಇನ್ನೂ ತೆರೆದಿದೆಯಾ, ಮುಚ್ಚಿದೆಯಾ? ಇವತ್ತು, ಈ ವಾರ, ಈ ತಿಂಗಳು, ಈ ವರ್ಷ, ಇವೆಲ್ಲ ತೆರೆದ ಡಬ್ಬಿಗಳು. ಒಳಗೆ ಆದದ್ದಕ್ಕೆಲ್ಲ 'ಎ' ಸೇರುತ್ತೆ. ನಿನ್ನೆ, ಹೋದ ವಾರ, ಹೋದ ವರ್ಷ ಅಂದ ಕೂಡಲೇ ಮುಚ್ಚಳ ಬಿತ್ತು, ಆಗ ಸಾದಾ ಭೂತಕಾಲ.

1847ರಲ್ಲಿ ಚಿಲಿ ದೇಶದಲ್ಲಿ ಕೂತು ಸ್ಪ್ಯಾನಿಷ್ ವ್ಯಾಕರಣ ಬರೆದ ಆಂದ್ರೆಸ್ ಬೆಯ್ಯೊ ಇದಕ್ಕೆ 'ಆಂತೆಪ್ರೆಸೆಂತೆ' ಅಂತ ಹೆಸರಿಟ್ಟರು. ವರ್ತಮಾನಕ್ಕೆ ಮುಂಚಿನದ್ದು, ಅದರ ಹೊಸಿಲಿನ ಆಚೆ ನಿಂತದ್ದು. ಮ್ಯಾಡ್ರಿಡ್‌ನ ರಾಯಲ್ ಅಕಾಡೆಮಿಯವರ ಉದ್ದುದ್ದ ಹೆಸರಿಗಿಂತ ನನಗೆ ಇದೇ ಇಷ್ಟ.

ಕನ್ನಡದವರಿಗೆ ಈ ರೂಪ ಅಪರಿಚಿತವಲ್ಲ. 'ಮಾಡಿ' ಪಕ್ಕಕ್ಕೆ 'ಇದ್ದೇನೆ' ಸೇರಿಸಿದರೆ 'ಮಾಡಿದ್ದೇನೆ'. ಲ್ಯಾಟಿನ್ ವಂಶದವರು ಮಾಡಿದ ಕೆಲಸವನ್ನ 'ಹೊಂದಿರುತ್ತಾರೆ', ನಾವು ಮಾಡಿ 'ಇರುತ್ತೇವೆ'. ಆದರೆ ನಾವು ಅದನ್ನ ಬಳಸುವ ಜಾಗ ಬೇರೆ. ಎದ್ದು ಬಾಗಿಲು ತೆರೆದಾಗ ಅಂಗಳ ಒದ್ದೆಯಾಗಿದ್ದರೆ "ರಾತ್ರಿ ಮಳೆ ಬಂದಿದೆ" ಅಂತೀವಿ. ಕಣ್ಣೆದುರೇ ಸುರಿದಿದ್ದರೆ "ಮಳೆ ಬಂತು". ನೋಡಿದ್ದಕ್ಕೊಂದು, ಗುರುತು ಹಿಡಿದು ಊಹಿಸಿದ್ದಕ್ಕೊಂದು. ದಿನನಿತ್ಯದ ಮಾತಿಗೆ ನಮಗೆ ಸಾದಾ ಭೂತಕಾಲವೇ ಸಾಕು. ಬೆಳಿಗ್ಗೆ ತಿಂಡಿ ತಿಂದೆ, ಊಟ ಆಯ್ತು. ಅಡುಗೆಮನೆಯಿಂದ ಕಾಲು ಕೀಳುವ ಮೊದಲೇ "ಬಂದೆ ಬಂದೆ" ಅನ್ನುವ ಜನ ನಾವು, ಇನ್ನೂ ಆಗದೇ ಇದ್ದದ್ದನ್ನೂ ಭೂತಕಾಲಕ್ಕೆ ತಳ್ಳಿಬಿಡ್ತೀವಿ!

ಇಲ್ಲ ಅನ್ನುವಾಗ ಮಾತ್ರ ಕನ್ನಡ ಮ್ಯಾಡ್ರಿಡ್‌ನ ಪಕ್ಕಕ್ಕೇ ಬಂದು ಕೂರುತ್ತೆ. 'ಮಾಡಿಲ್ಲ' ಬೇರೆ, 'ಮಾಡಲಿಲ್ಲ' ಬೇರೆ. ಫೋನ್ ಮಾಡಿಲ್ಲ ಅಂದರೆ ಇನ್ನೂ ಮಾಡಬಹುದು. ಮಾಡಲಿಲ್ಲ ಅಂದರೆ ಆ ಹೊತ್ತು ದಾಟಿಹೋಯ್ತು. ಟೀಚರ್ ಬೋರ್ಡ್ ಮೇಲೆ 'ತೊದಬೀಯಾ ನೊ' ಅಂತ ಬರೆದು ಅರ್ಧ ಗಂಟೆ ವಿವರಿಸಿದ್ದನ್ನ ನಾನು ನೋಟ್‌ಬುಕ್ಕಿನಲ್ಲಿ ಎರಡೇ ಪದದಲ್ಲಿ ಬರೆದುಕೊಂಡೆ: ಇನ್ನೂ ಮಾಡಿಲ್ಲ.

ವಸಂತದ ರಜೆಯಲ್ಲಿ ಚಾಮಾರ್ತಿನ್ ಸ್ಟೇಷನ್ನಿನಿಂದ ರೈಲು ಹತ್ತಿ ಗಾಲಿಸಿಯಾದ ಸಾಂತಿಯಾಗೊಗೆ ಹೋಗಿದ್ದೆ. ಒಣಗಿದ ಬಯಲು ದಾಟಿ, ಸುರಂಗದ ಮೇಲೆ ಸುರಂಗ ನುಗ್ಗಿ ಹೊರಬಂದರೆ ಥೇಟ್ ಸಕಲೇಶಪುರ. ಹಸಿರು, ಮಂಜು, ನಿಲ್ಲದ ಜಿನುಗು ಮಳೆ. ಕಥೀಡ್ರಲ್ ಮುಂದಿನ ಓಬ್ರಾದೊಯ್ರೊ ಚೌಕದಲ್ಲಿ ನೂರಾರು ಕಿಲೋಮೀಟರ್ ನಡೆದು ಬಂದ ಯಾತ್ರಿಕರು ಬೆನ್ನಚೀಲ ತಲೆದಿಂಬು ಮಾಡಿಕೊಂಡು ಕಲ್ಲುಹಾಸಿನ ಮೇಲೆ ಮಲಗಿರುತ್ತಾರೆ. ಧರ್ಮಸ್ಥಳಕ್ಕೆ ಕಾಲ್ನಡಿಗೆಯಲ್ಲಿ ಹೋಗುವವರ ಮುಖದಲ್ಲಿರುವ ಅದೇ ಸುಸ್ತು, ಅದೇ ಕಳೆ. ಬೆಳಿಗ್ಗೆ ಸಂತೆ ಕಟ್ಟಡದ ಹತ್ತಿರ ಕಾಫಿಗೆ ಹೋದರೆ ಕೌಂಟರಿನಾಕೆ "ಯಾ ದೆಸಾಯುನಾಸ್ತೆ?" ಅಂದರು. ತಿಂಡಿ ಆಯ್ತಾ? ಮ್ಯಾಡ್ರಿಡ್ ಆಗಿದ್ದರೆ "ಆಸ್ ದೆಸಾಯುನಾದೊ?" ಅನ್ನುತ್ತಿದ್ದರು. ಗಂಟೆ ಇನ್ನೂ ಒಂಬತ್ತು, ದಿನ ಪೂರ್ತಿ ಬಾಕಿ, ಆದರೂ 'ಆಸ್' ಇಲ್ಲ.

ಕಾರಣ ಅವರ ಮನೆಮಾತು. ಗಲೀಸಿಯನ್ ಭಾಷೆ ಪೋರ್ಚುಗೀಸಿನ ತಂಗಿ, ಅದರಲ್ಲಿ ಈ 'ಎ ಕೊಮೀದೊ' ಥರದ ರೂಪವೇ ಇಲ್ಲ. ಹಾಗಾಗಿ ಅಲ್ಲಿಯವರ ಸ್ಪ್ಯಾನಿಷ್‌ನಲ್ಲೂ ಈಗ ತಾನೇ ಆದದ್ದಕ್ಕೂ ಸಾದಾ ಭೂತಕಾಲ. ಪಕ್ಕದ ಅಸ್ತೂರಿಯಾಸ್‌ನಲ್ಲೂ ಹಾಗೇ. ನಮ್ಮ ಆಫೀಸಿನ ಮೆಕ್ಸಿಕೊ ಟೀಮಿನವರು ಕಾಲ್‌ನಲ್ಲಿ ಹೇಳುವುದೂ "ಯಾ ಕೊಮಿ" ಅಂತಲೇ, ಊಟ ಆಯ್ತು. ಬೊಲಿವಿಯಾದವರು ಇನ್ನೊಂದು ತುದಿ, 'ನಿನ್ನೆ' ಜೊತೆಗೂ 'ಎ' ಸೇರಿಸಿಬಿಡುತ್ತಾರೆ. ಈಕ್ವೆಡಾರ್‌ನ ಬೆಟ್ಟದ ಕಡೆಯವರಂತೂ "ಅರೆ, ಹೀಗಾ ವಿಷಯ!" ಅಂತ ಅಚ್ಚರಿಪಡೋಕೂ ಇದೇ ರೂಪ ಬಳಸ್ತಾರೆ. ಪುಸ್ತಕದಲ್ಲಿ ಒಂದೇ ಪುಟದ ನಿಯಮ, ಭೂಪಟದ ಮೇಲೆ ಹತ್ತು ಥರ.

ನನಗೆ ಹತ್ತಿರವಾದದ್ದು ಮ್ಯಾಡ್ರಿಡ್‌ನ ಲೆಕ್ಕವೇ. ಅದಕ್ಕೆ ಒಂದು ಕಾರಣ ನಮ್ಮ ಕೆಳಮನೆಯ ಅಜ್ಜಿ. ವಯಸ್ಸು ಎಂಬತ್ತು ದಾಟಿದೆ. ಲಿಫ್ಟ್ ಇಲ್ಲದ ಹಳೇ ಕಟ್ಟಡ, ಬ್ರೆಡ್ ತರೋಕೆ ದಿನಾ ಒಂದು ಸಲ ಇಳಿದು ಹತ್ತುತ್ತಾರೆ. ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ನನಗೆ ಒಂದೇ ಪ್ರಶ್ನೆ: "ಇಹೊ, ಆಸ್ ಯಮಾದೊ ಆ ತು ಮಾದ್ರೆ?" ಮಗಾ, ಅಮ್ಮನಿಗೆ ಫೋನ್ ಮಾಡಿದ್ದೀಯಾ? ಗಮನಿಸಿ, 'ಯಮಾಸ್ತೆ' ಅಲ್ಲ, 'ಆಸ್ ಯಮಾದೊ'. ಮಾಡಿಲ್ಲ ಅಂದರೂ ಪರವಾಗಿಲ್ಲ, ದಿನ ಇನ್ನೂ ಇದೆ, ಹೋಗಿ ಮಾಡು ಅನ್ನೋ ಅವಕಾಶ ಆ ಪ್ರಶ್ನೆಯೊಳಗೇ ಇದೆ.

ಆದರೆ ಯಾರ ದಿನ? ಅಮ್ಮ ಇರುವುದು ಅರಸೀಕೆರೆಯಲ್ಲಿ. ಬೇಸಿಗೆಯಲ್ಲಿ ನಮ್ಮೂರು ಮೂರೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಸ್ಪೇನ್ ಇರೋ ಜಾಗಕ್ಕೆ ಲಂಡನ್ ಟೈಮ್ ಸರಿಹೋಗುತ್ತೆ, ಆದರೆ 1940ರಲ್ಲಿ ಫ್ರಾಂಕೊ ಆಡಳಿತ ಗಡಿಯಾರವನ್ನ ಒಂದು ಗಂಟೆ ಮುಂದಕ್ಕೆ ತಿರುಗಿಸಿದ್ದು ಹಾಗೇ ಉಳಿದುಬಿಟ್ಟಿದೆ. ಜೂನ್‌ನಲ್ಲಿ ರಾತ್ರಿ ಎಂಟೂವರೆಗೆ ಲಾವಾಪಿಯೆಸ್ ಚೌಕದಲ್ಲಿ ಕಣ್ಣು ಕುಕ್ಕುವ ಬಿಸಿಲು, ಮಕ್ಕಳು ಚೆಂಡು ಒದೀತಿರ್ತಾರೆ. ಆಗ ಅರಸೀಕೆರೆಯಲ್ಲಿ ಸರಿಯಾಗಿ ಹನ್ನೆರಡು, ತಾರೀಖು ಬದಲಾಯ್ತು. ಕ್ಲಾಸು ಮುಗಿಸಿ ಇಳಿದು ಬರೋ ಹೊತ್ತಿಗೆ ನನಗೆ 'ಮಾಡಿಲ್ಲ', ಅಮ್ಮನಿಗೆ 'ಮಾಡಲಿಲ್ಲ'.

ಅಪ್ಪ ತೀರಿಕೊಂಡಿದ್ದು ಜನವರಿಯಲ್ಲಿ, ಬುಧವಾರ ಬೆಳಗಿನ ಜಾವ ಒಂದೂಕಾಲು. ಮ್ಯಾಡ್ರಿಡ್‌ನಲ್ಲಿ ಅದು ಮಂಗಳವಾರ ರಾತ್ರಿ ಎಂಟೂ ಮುಕ್ಕಾಲು. "ಅಪ್ಪ ಹೋಗ್ಬಿಟ್ರು ಕಣೋ" ಅಂದ ಅಣ್ಣ. ಮೊದಲು ಸಿಕ್ಕಿದ ಫ್ಲೈಟ್ ಬುಕ್ ಮಾಡಿ ಸೂಟ್‌ಕೇಸ್ ಹಿಡಿದು ಇಳಿಯುವಾಗ ಅಜ್ಜಿ ಬಾಗಿಲು ತೆರೆದರು. "ಮಿ ಪಾದ್ರೆ ಆ ಮ್ವೆರ್ತೊ" ಅಂದೆ. ಅಪ್ಪ ತೀರಿಕೊಂಡಿದ್ದಾರೆ. ಅವರು ನನ್ನ ಕೈ ಹಿಡಿದುಕೊಂಡು "ಓಯ್?" ಅಂತ ಕೇಳಿದರು. ಇವತ್ತಾ?

"ಓಯ್" ಅಂದೆ. ಮರಣ ಪ್ರಮಾಣಪತ್ರದಲ್ಲಿ ಮಾರನೇ ದಿನದ ತಾರೀಖಿದೆ. ಊರಲ್ಲಿ ಪುರೋಹಿತರಿಗೆ ತಾರೀಖು ಬೇಕಾಗಲೇ ಇಲ್ಲ, ಗಳಿಗೆ ಕೇಳಿ ಪಂಚಾಂಗ ತೆಗೆದು ತಿಥಿ ಹೇಳಿದರು. ಹೀಗೆ ಅಪ್ಪನ ಆ ಒಂದು ಗಳಿಗೆಗೆ ಮೂರು ಲೆಕ್ಕ. ನಾನು ತಲುಪುವ ಹೊತ್ತಿಗೆ ಅಣ್ಣ ಎಲ್ಲ ಮುಗಿಸಿದ್ದ.

ಆ ವರ್ಷವಿಡೀ ಕ್ಲಾಸಿನಲ್ಲಿ 'ಈ ವರ್ಷ ಏನೇನಾಗಿದೆ?' ಅನ್ನೋ ಅಭ್ಯಾಸ ಬಂದಾಗಲೆಲ್ಲ ನನ್ನ ವಾಕ್ಯ ಸಿದ್ಧವಾಗಿರುತ್ತಿತ್ತು. ಜೋರಾಗಿ ಹೇಳುತ್ತಿರಲಿಲ್ಲ, ಮನೆ ಬದಲಾಯಿಸಿದ್ದು, ಗಾಲಿಸಿಯಾ ನೋಡಿದ್ದು ಇಂಥವನ್ನೇ ಹೇಳುತ್ತಿದ್ದೆ. ಆದರೆ ವ್ಯಾಕರಣದ ಪ್ರಕಾರ ಅಪ್ಪ ಇನ್ನೂ ತೆರೆದ ಡಬ್ಬಿಯಲ್ಲೇ ಇದ್ದರು. ಡಿಸೆಂಬರ್ 31ಕ್ಕೆ ಅಜ್ಜಿ ತಮ್ಮ ಮನೆಗೆ ಕರೆದರು. ಇಲ್ಲಿ ಮಧ್ಯರಾತ್ರಿ ಪುಯೆರ್ತಾ ದೆಲ್ ಸೋಲ್ ಚೌಕದ ಗಡಿಯಾರ ಹನ್ನೆರಡು ಹೊಡೆಯುವಾಗ ಒಂದೊಂದು ಗಂಟೆಗೆ ಒಂದೊಂದರಂತೆ ಹನ್ನೆರಡು ದ್ರಾಕ್ಷಿ ತಿನ್ನಬೇಕು. ಇಡೀ ದೇಶ ಟೀವಿ ಮುಂದೆ ದ್ರಾಕ್ಷಿ ಬಟ್ಟಲು ಹಿಡಿದು ಕೂತಿರುತ್ತೆ. ಮೊದಲು ಬರುವ ಕಾಲು ಗಂಟೆಯ ಸದ್ದಿಗೇ ತಿನ್ನಲು ಶುರು ಮಾಡಬೇಡಿ ಅಂತ ನಿರೂಪಕರು ಎಚ್ಚರಿಸುತ್ತಾರೆ. ಅಮ್ಮನ ಹೊಸ ವರ್ಷದ ಫೋನು ಏಳೂವರೆಗೇ ಬಂದಿತ್ತು. ಹನ್ನೆರಡನೇ ದ್ರಾಕ್ಷಿ ಬಾಯಲ್ಲಿದ್ದಾಗ ನನ್ನ ತಲೆಯಲ್ಲಿದ್ದದ್ದು ಒಂದೇ, ಇನ್ನು ಮುಂದೆ 'ಮುರಿಯೊ' ಅನ್ನಬೇಕು, ಹೋದ ವರ್ಷ ತೀರಿಕೊಂಡರು.

ಜನವರಿಯ ಮೊದಲ ಕ್ಲಾಸು ಮುಗಿದ ಮೇಲೆ ಟೀಚರನ್ನ ಕೇಳಿದೆ. ಅಜ್ಜಿಯ ಗಂಡ ಹೋಗಿ ಒಂಬತ್ತು ವರ್ಷ ಆಯ್ತು, ಆದರೂ ಅವರು "ಸೆ ಮೆ ಆ ಮ್ವೆರ್ತೊ" ಅಂತಾರಲ್ಲ, ಅದು ಹೇಗೆ? ಟೀಚರ್ ಬ್ಯಾಗಿನ ಜಿಪ್ ಎಳೆಯುತ್ತಾ ನಿಂತರು. ಸಮುವೆಲ್ ಗಿಲಿ ಗಾಯಾ ಅನ್ನೋ ಹಳೇ ವ್ಯಾಕರಣಕಾರರೇ ಇದನ್ನ ಗುರುತಿಸಿದ್ದಾರೆ ಅಂದರು. ಸಾವಿನ ನೋವು ಹೇಳುವವರಲ್ಲಿ ಇನ್ನೂ ಇದ್ದರೆ, ಎಷ್ಟು ವರ್ಷವಾಗಿದ್ದರೂ 'ಆ ಮ್ವೆರ್ತೊ' ಅನ್ನಬಹುದು. 'ಮುರಿಯೊ' ಅಂದರೆ ಬರೀ ಸುದ್ದಿ. "ಪರೀಕ್ಷೆಯಲ್ಲಿ ಮಾತ್ರ ಮುರಿಯೊ ಬರೆಯಿರಿ" ಅಂದು ನಕ್ಕರು. ನಾನು ಎರಡನ್ನೂ ಇಟ್ಟುಕೊಂಡಿದ್ದೇನೆ. ಸರ್ಕಾರಿ ಫಾರಂಗಳಿಗೆ ಒಂದು, ಕೆಳಮನೆಗೆ ಇನ್ನೊಂದು.

ಈಗ ಫೋನಿನ ಹೊತ್ತು ಬದಲಾಯಿಸಿದ್ದೇನೆ. ಕ್ಲಾಸು ಇರಲಿ ಬಿಡಲಿ, ಮ್ಯಾಡ್ರಿಡ್ ಟೈಮ್ ಸಂಜೆ ಐದಕ್ಕೆ ಆಫೀಸಿನ ಬಾಲ್ಕನಿಗೆ ಬಂದು ಮಾಡುತ್ತೇನೆ, ಅಮ್ಮನ 'ಇವತ್ತು' ಮುಗಿಯುವ ಮೊದಲು. ಮನೆಗೆ ಬಂದು ಮೆಟ್ಟಿಲು ಹತ್ತುವಾಗ ಅಜ್ಜಿ ಕೇಳುತ್ತಾರೆ, "ಸೀ, ಲಾ ಎ ಯಮಾದೊ" ಅಂತೀನಿ. ಅಷ್ಟಕ್ಕೇ ಬಿಡುವುದಿಲ್ಲ ಅವರು. ಅಮ್ಮ ರಾತ್ರಿ ಏನು ಊಟ ಮಾಡಿದರು ಅಂತ ಬೇಕು. ಮುದ್ದೆ, ಬಸ್ಸಾರು ಅಂತ ಹೇಳಿ, ಮುದ್ದೆ ಅಂದರೇನು ಅಂತ ಕೈಯಲ್ಲಿ ಉಂಡೆ ಮಾಡಿ ತೋರಿಸುತ್ತೇನೆ. ಅಮ್ಮ ಉಂಡಿದ್ದಕ್ಕೆ 'ಆ' ಸೇರಿಸಬೇಕೋ ಬೇಡವೋ ಅನ್ನೋದನ್ನ ಮಾತ್ರ ಅರಸೀಕೆರೆಯಲ್ಲಿ ಆಗ ಗಂಟೆ ಎಷ್ಟು ಅಂತ ನೋಡಿಕೊಂಡು ಹೇಳಬೇಕು.